ಕಣಸಂಘಟ್ಟನೆಯ ಅನುಕರಣ

ಲಿಂಗಸುಗೂರು ಸೀಮೆಯ ನೆಲವು ಎರಡು ನಿಧಿಗಳಿಂದ ನಾಡಿಗೆಲ್ಲ ಪರಿಚಿತವಾಗಿದೆ. ಒಂದು ಹಟ್ಟಿಯ ಚಿನ್ನ, ಮತ್ತೊಂದು ಮಸ್ಕಿಯ ಶಾಸನ. ಎರಡಕ್ಕೂ ನಂಟುಂಟು. ಮಸ್ಕಿಯ ಬಂಡೆಯ ಮೇಲಣ ಬ್ರಾಹ್ಮೀ ಅಕ್ಷರಗಳನ್ನು ೧೯೧೫ರಲ್ಲಿ ಗುರುತಿಸಿದವನು ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಲಾಗಿ, 'ದೇವಾನಾಂಪ್ರಿಯ' ಎಂಬ ಬಿರುದಿನ ಜೊತೆಯಲ್ಲಿಯೇ 'ಅಶೋಕ' ಎಂಬ ಹೆಸರೂ ಕಾಣಿಸಿಕೊಂಡಿತು. ಅದುವರೆಗೆ ಮುಖ್ಯವಾಗಿ ಸಿಂಹಳದ ಇತಿಹಾಸಗ್ರಂಥಗಳ ಬಲದಿಂದ ಹೇಳುತ್ತಿದ್ದ ಮಾತು ಕಲ್ಲಿನ ಸಾಕ್ಷ್ಯದಿಂದಲೇ ಸ್ಥಿರಪಟ್ಟಿತು.

ಆ ಶಾಸನದ ಹಲವು ಅಕ್ಷರಗಳು ಸವೆದು ಅಳಿದುಹೋಗಿವೆ. ಅಳಿದ ಎಡೆಯಲ್ಲಿ ಏನಿದ್ದಿತೆಂಬುದನ್ನು ಕಣ್ಣಾರೆ ಕಂಡವರು ಇಂದು ಯಾರೂ ಇಲ್ಲ. ಶಾಸನಜ್ಞನು ಮಾಡುವುದಿಷ್ಟೆ: ಇಲ್ಲಿ ಇಂತಹ ಪದವಿದ್ದಿರಬಹುದೆಂದು ಊಹಿಸುತ್ತಾನೆ, ಆ ಪದವನ್ನು ಅಂದಿನ ಲಿಪಿಯಲ್ಲಿ ಬರೆದರೆ ಎಷ್ಟು ಎಡೆ ಹಿಡಿಯುವುದು, ಅದು ಸವೆದರೆ ಯಾವ ಗೀರು ಉಳಿಯುವುದು ಎಂಬುದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳುತ್ತಾನೆ, ಆ ಚಿತ್ರವನ್ನು ಬಂಡೆಯ ಮೇಲೆ ನಿಜವಾಗಿ ಉಳಿದಿರುವ ಗೀರುಗಳೊಡನೆ ಹೋಲಿಸುತ್ತಾನೆ. ಹೊಂದಿದರೆ ಪಾಠವು ನಿಲ್ಲುತ್ತದೆ. ಬೇರೊಂದು ಪದವೂ ಅಷ್ಟೇ ಚೆನ್ನಾಗಿ ಹೊಂದುವುದಾದರೆ ನಿಲ್ಲುವುದಿಲ್ಲ. ಈ ಎರಡನೆಯ ಮಾತನ್ನು ಮರೆತವನ ಊಹೆಗೆ ವಿದ್ವತ್ತೆಂಬ ಹೆಸರು ಸಲ್ಲದು.

ಪರಮಾಣುವಿಗಿಂತಲೂ ಸೂಕ್ಷ್ಮವಾದ ಕಣಗಳನ್ನು ಪರೀಕ್ಷಿಸುವ ಭೌತವಿಜ್ಞಾನಿಯ ಕಾರ್ಯವೂ ಇದೇ ಜಾತಿಯದು. ಎರಡು ಕಣಗಳು ಒಂದಕ್ಕೊಂದು ಬಡಿದ ಕ್ಷಣವನ್ನಾಗಲಿ, ಆಗ ಹುಟ್ಟಿದ ಹೊಸ ಕಣವು ಕ್ಷಯಿಸಿ ಬೇರೆ ಕಣಗಳಾದ ಕ್ಷಣವನ್ನಾಗಲಿ ಆತನು ಕಾಣಲಾರ. ಅಲ್ಲಿಂದ ಚಿಮ್ಮಿದ ಅವಶೇಷಗಳು ಶೋಧಕಯಂತ್ರದ ತಂತಿ, ಫಲಕ, ಹರಳುಗಳಲ್ಲಿ ಬಿಟ್ಟುಹೋದ ಸಣ್ಣ ವಿದ್ಯುತ್ ಸ್ಪಂದಗಳಷ್ಟೇ ಆತನಿಗೆ ಸಿಕ್ಕುವ ಗೀರುಗಳು. ಇಂತಹ ಒಂದೊಂದು ಸಂಘಟ್ಟನೆಗೂ ಕ್ಷಯಕ್ಕೂ ವಿಜ್ಞಾನದ ಪರಿಭಾಷೆಯಲ್ಲಿ 'ಘಟನೆ' ಎಂದು ಹೆಸರು. ಊಹಿಸಿದ ಘಟನೆಯನ್ನು ಗಣಕಯಂತ್ರದಲ್ಲಿ ಕೃತಕವಾಗಿ ನಡೆಯಿಸಿ, ಅದು ಶೋಧಕದಲ್ಲಿ ಮೂಡಿಸಬಹುದಾದ ಗುರುತನ್ನು ಲೆಕ್ಕಹಾಕಿ, ನಿಜವಾದ ಗುರುತಿನೊಡನೆ ಹೋಲಿಸುವ ವಿದ್ಯೆಯನ್ನು 'ಅನುಕರಣ' ಎಂದು ಕರೆಯಬಹುದು. ಇಂದು ಜಗತ್ತಿನ ಯಾವ ಕಣಸಂಘಟ್ಟಕವೂ ಈ ವಿದ್ಯೆಯಿಲ್ಲದೆ ಒಂದು ಹೆಜ್ಜೆಯನ್ನೂ ಇಡಲಾರದು. ಆದರೆ ಅದರ ಅಗತ್ಯವೇನೆಂಬುದನ್ನು ತಿಳಿಯಲು ಜಿನೀವಾಕ್ಕೆ ಹೋಗುವ ಮೊದಲು ಹಟ್ಟಿಯ ಸೋದರಗಣಿಯಾದ ಕೋಲಾರಕ್ಕೆ ಹೋಗುವುದು ಒಳಿತು.

ಆಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನು ಎಂಬ ಕಣಗಳು ಹುಟ್ಟಿ ಭೂಮಿಗೆ ಸುರಿಯುತ್ತವೆ. ಅಂಗೈಯಗಲದ ಸ್ಥಳದ ಮೇಲೆ ಕ್ಷಣಕ್ಕೊಂದೆರಡು ಬೀಳುತ್ತಲೇ ಇರುತ್ತವೆ. ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ೧೯೫೦ರ ದಶಕದ ಆರಂಭದಲ್ಲಿ, ಹೋಮಿ ಭಾಭಾ ಅವರ ಪ್ರೇರಣೆಯಿಂದ, ಕೋಲಾರದ ಗಣಿಯ ಬೇರೆ ಬೇರೆ ಆಳಗಳಲ್ಲಿ ಈ ಮ್ಯೂಆನುಗಳನ್ನು ಎಣಿಸತೊಡಗಿದರು. ಆಳ ಹೆಚ್ಚಿದಂತೆ ಎಣಿಕೆ ಕುಗ್ಗುತ್ತ ಹೋಯಿತು. ೧೯೬೦ರ ದಶಕದ ಮೊದಲಲ್ಲಿ ಗಣಿಯ ಅತ್ಯಂತ ಆಳದ ನೆಲೆಯೊಂದರಲ್ಲಿ ಯಂತ್ರವನ್ನಿರಿಸಿ ಎರಡು ತಿಂಗಳು ಕಾದರೂ ಒಂದೇ ಒಂದು ಮ್ಯೂಆನು ದಾಖಲಾಗಲಿಲ್ಲ. ಅನ್ಯರಾಗಿದ್ದರೆ ಶ್ರಮ ವ್ಯರ್ಥವಾಯಿತೆಂದು ಯಂತ್ರ ಕಟ್ಟಿಕೊಂಡು ಮೇಲೆ ಬರುತ್ತಿದ್ದರೋ ಏನೋ. ಅವರಾದರೋ ಆ ಶೂನ್ಯದಲ್ಲಿಯೇ ಒಂದು ಸೌಲಭ್ಯವನ್ನು ಕಂಡರು. ಇಷ್ಟು ನಿಶ್ಶಬ್ದವಾದ ಸ್ಥಳದಲ್ಲಿ ಏನಾದರೂ ಕೇಳಿಸಿತೆಂದರೆ ಅದು ಬಂಡೆಯನ್ನೇ ಭೇದಿಸಿ ಬರಬಲ್ಲ ನ್ಯೂಟ್ರಿನೋ ಎಂಬ ಕಣದ ಕೃತ್ಯವೇ ಆಗಿರಬೇಕು!

ಬೊಂಬಾಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಂ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಕೂಡಿ, ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು ೨.೩ ಕಿಲೋಮೀಟರು ಆಳದಲ್ಲಿ ಶೋಧಕಗಳನ್ನು ಗೋಡೆಗಳಂತೆ ನಿಲ್ಲಿಸಿದರು. ಮೇಲಿನಿಂದ ಬರುವ ಮ್ಯೂಆನು ನೆಟ್ಟಗೆ ಇಳಿಯುತ್ತದೆ. ಬಹಳ ಓರೆಯಾಗಿ ಬರಬೇಕಾದರೆ ದಾಟಬೇಕಾದ ಬಂಡೆಯ ದಪ್ಪವೇ ಅದನ್ನು ನುಂಗಿಬಿಡುತ್ತದೆ. ಹೀಗಾಗಿ ಅಡ್ಡಲಾಗಿ ಹರಿದ ಗೀರು ಕಂಡರೆ ಅದು ನ್ಯೂಟ್ರಿನೋದಿಂದ ಬಂಡೆಯೊಳಗೇ ಹುಟ್ಟಿದ ಮ್ಯೂಆನು ಎಂದು ನಿಶ್ಚಯಿಸಬಹುದು. ೧೯೬೫ರಲ್ಲಿ ಅಂತಹ ಗೀರುಗಳು ದೊರೆತು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಮೊದಲ ದರ್ಶನವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದೇ ವರ್ಷ ಅದೇ ದರ್ಶನವಾಯಿತು. ಅಲ್ಲಿ ಬೇಕಾದ ಅನುಕರಣವು ಕಾಗದ ಪೆನ್ಸಿಲುಗಳ ಲೆಕ್ಕಕ್ಕೆ ಮುಗಿಯುವಂತಹದು. 'ಬೇರೇನಾದರೂ ಹೀಗೆ ಕಾಣಬಹುದೇ?' ಎಂಬ ಪ್ರಶ್ನೆಗೆ ಬಂಡೆಯ ದಪ್ಪವೇ 'ಇಲ್ಲ' ಎಂದು ಉತ್ತರ ಹೇಳಿತು.

ಹದಿನೈದು ವರ್ಷಗಳ ತರುವಾಯ ಅದೇ ಗಣಿಯಲ್ಲಿ ಎದ್ದ ಪ್ರಶ್ನೆಗೆ ಬಂಡೆಯು ಉತ್ತರ ಹೇಳಲಿಲ್ಲ. ಸಕಲ ವಸ್ತುಗಳ ಬೀಜದಲ್ಲಿರುವ ಪ್ರೋಟಾನು ಶಾಶ್ವತವೇ, ಅಥವಾ ಅದಕ್ಕೂ ಕ್ಷಯವುಂಟೇ ಎಂಬುದು ಆ ಪ್ರಶ್ನೆ. ೧೯೭೪ರ ಒಂದು ಸಿದ್ಧಾಂತದ ಪ್ರಕಾರ ಅದರ ಸರಾಸರಿ ಆಯುಸ್ಸು ಒಂದರ ಮುಂದೆ ಮೂವತ್ತೊಂದು ಸೊನ್ನೆಗಳನ್ನಿಟ್ಟಷ್ಟು ವರ್ಷಗಳ ಆಸುಪಾಸು ಇರಬಹುದಾಗಿದ್ದಿತು. ಒಂದು ಪ್ರೋಟಾನನ್ನು ಅಷ್ಟು ವರ್ಷ ಕಾಯುವುದು ಅಸಾಧ್ಯ. ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ಕಾಯುವುದು ಸಾಧ್ಯ. ಕೋಲಾರದಲ್ಲಿ ೧೯೮೦ರಲ್ಲಿ ೩೪ ಪದರಗಳಲ್ಲಿ ಶೋಧಕಗಳನ್ನೂ ನಡುನಡುವೆ ಕಬ್ಬಿಣದ ಫಲಕಗಳನ್ನೂ ಜೋಡಿಸಿದ ೧೪೦ ಟನ್ ತೂಕದ ಯಂತ್ರ ಸಿದ್ಧವಾಯಿತು. ಅಷ್ಟು ತೂಕದಲ್ಲಿ ಪ್ರೋಟಾನು ನ್ಯೂಟ್ರಾನುಗಳ ಒಟ್ಟು ಸಂಖ್ಯೆ ಸುಮಾರು ಎಂಟರ ಮುಂದೆ ಮೂವತ್ತೊಂದು ಸೊನ್ನೆ. ಸಿದ್ಧಾಂತವು ದಿಟವಾದರೆ ವರ್ಷಕ್ಕೆ ಎಂಟರಷ್ಟು ಕ್ಷಯಗಳು ನಡೆಯಬೇಕು.

೧೯೮೧ರಲ್ಲಿ ಕೋಲಾರದ ತಂಡವು ಕ್ಷಯವೆಂದು ಭಾವಿಸಬಹುದಾದ ಕೆಲವು ಘಟನೆಗಳನ್ನು ಪ್ರಕಟಿಸಿತು. ಜಗತ್ತಿನ ಕಣ್ಣು ಕೋಲಾರದತ್ತ ತಿರುಗಿತು. ಆದರೆ ಕಣ್ಣಿನ ಹಿಂದೆಯೇ ಪ್ರಶ್ನೆಯೂ ಬಂದಿತು. ನ್ಯೂಟ್ರಿನೋಗಳನ್ನು ಯಾವ ಬಂಡೆಯೂ ತಡೆಯದಷ್ಟೆ? ಅವುಗಳಲ್ಲೊಂದು ಕಬ್ಬಿಣದ ಪರಮಾಣುವಿಗೆ ಬಡಿದಾಗಲೂ ನಾಲ್ಕಾರು ಕಣಗಳು ಚಿಮ್ಮುತ್ತವೆ. ಪ್ರೋಟಾನು ತಾನಾಗಿ ಕ್ಷಯಿಸಿದರೆ ಅವಶೇಷಗಳು ಎದುರುಬದುರಾಗಿ ಸಮತೂಕದಿಂದ ಹಾರಬೇಕು. ನ್ಯೂಟ್ರಿನೋ ಬಡಿದರೆ ಬಡಿದ ದಿಕ್ಕಿಗೇ ಹೆಚ್ಚಾಗಿ ಒಲೆಯಬೇಕು. ಹೇಳುವುದಕ್ಕೆ ಸುಲಭ. ಕಬ್ಬಿಣದ ಪರಮಾಣುಬೀಜದ ಒಳಗೇ ಹೊಯ್ದಾಡಿ ಹೊರಬೀಳುವ ಕಣಗಳು ಈ ಭೇದವನ್ನು ಮಸುಕುಮಾಡಿಬಿಡುತ್ತವೆ. ಆದುದರಿಂದ ಉತ್ತರಿಸಬೇಕಾದ ಪ್ರಶ್ನೆ ಹೀಗೆ ನಿಂತಿತು: ಪ್ರೋಟಾನು ಎಂದೆಂದಿಗೂ ಕ್ಷಯಿಸದೆ, ಬರಿಯ ನ್ಯೂಟ್ರಿನೋಗಳೇ ಬಡಿಯುತ್ತಿದ್ದರೆ, ಇದೇ ಯಂತ್ರದಲ್ಲಿ ಇಷ್ಟೇ ಕಾಲದಲ್ಲಿ ಎಂತೆಂತಹ ಗೀರುಗಳು ಎಷ್ಟೆಷ್ಟು ಮೂಡುತ್ತಿದ್ದವು? ನಡೆದುದನ್ನು ಅರಿಯಲು, ನಡೆಯದಿದ್ದರೆ ಏನು ಕಾಣುತ್ತಿತ್ತೆಂಬುದನ್ನು ಮೊದಲು ಅರಿಯಬೇಕು. ಅನುಕರಣವಿದ್ಯೆಯ ಜೀವಾಳವೆಲ್ಲ ಈ ಒಂದು ವಾಕ್ಯದಲ್ಲಿದೆ.

ಮುಂದೆ ಅಮೆರಿಕದಲ್ಲಿಯೂ ಜಪಾನಿನಲ್ಲಿಯೂ ಸಾವಿರಾರು ಟನ್ ನೀರನ್ನು ತುಂಬಿದ ಬಹುದೊಡ್ಡ ಶೋಧಕಗಳು ಬಂದುವು. ಅವುಗಳಿಗೆ ಪ್ರೋಟಾನಿನ ಕ್ಷಯ ಕಾಣಲಿಲ್ಲ. ಇಂದು ತಿಳಿದಿರುವಂತೆ, ಪಾಸಿಟ್ರಾನು ಮತ್ತು ಪಯಾನು ಆಗಿ ಒಡೆಯುವ ಕ್ಷಯಕ್ಕಾದರೆ ಪ್ರೋಟಾನಿನ ಆಯುಸ್ಸು ಒಂದರ ಮುಂದೆ ಮೂವತ್ತನಾಲ್ಕು ಸೊನ್ನೆಗಳ ವರ್ಷಗಳಿಗೂ ಮಿಗಿಲು. ಕೋಲಾರದ ಪ್ರಯೋಗಗಳು ೧೯೯೨ರಲ್ಲಿ ನಿಂತುವು. ೨೦೦೧ರಲ್ಲಿ ಗಣಿಯೂ ಮುಚ್ಚಿತು. ಇದನ್ನು ಸೋಲೆಂದು ಬಗೆಯುವುದು ಅವಿವೇಕ. ಸಂದೇಹವನ್ನು ಬಹಿರಂಗವಾಗಿ ಮುಂದಿಟ್ಟು ಪರೀಕ್ಷೆಗೊಡ್ಡಿದವರ ಗೌರವಕ್ಕೆ ಕುಂದಿಲ್ಲ. ಈ ಕಥೆಗೆ ಇನ್ನೊಂದು ತಿರುವೂ ಉಂಟು. ಜಪಾನಿನ ಕಮಿಯೋಕಾದ ವಿಜ್ಞಾನಿಗಳು ಕ್ಷಯಕ್ಕೆ ಅಡ್ಡಬರುವ ಹಿನ್ನೆಲೆಯೆಂದು ನ್ಯೂಟ್ರಿನೋಗಳನ್ನು ಎಣಿಸುತ್ತಿದ್ದಾಗ, ಮ್ಯೂಆನು ಜಾತಿಯವು ಅನುಕರಣದಲ್ಲಿ ನೂರು ಬಂದರೆ ಯಂತ್ರದಲ್ಲಿ ಸುಮಾರು ಅರವತ್ತು ಮಾತ್ರ ಬರುತ್ತಿರುವುದು ೧೯೮೮ರ ವೇಳೆಗೆ ಗೋಚರಿಸಿತು. ಮೊದಲು ಎಲ್ಲರೂ ಶಂಕಿಸಿದುದು ಅನುಕರಣವನ್ನೇ. ಅದನ್ನು ಶೋಧಿಸಿ ಶೋಧಿಸಿ ದೋಷವಿಲ್ಲವೆಂದು ಕಂಡ ಮೇಲೆ, ನ್ಯೂಟ್ರಿನೋಗಳು ದಾರಿಯಲ್ಲಿ ಒಂದು ಜಾತಿಯಿಂದ ಮತ್ತೊಂದಕ್ಕೆ ಮಾರ್ಪಡುತ್ತವೆಂಬ ಸತ್ಯವು ೧೯೯೮ರಲ್ಲಿ ಸ್ಥಾಪಿತವಾಯಿತು. ೨೦೧೫ರಲ್ಲಿ ಅದಕ್ಕೆ ನೊಬೆಲ್ ಪಾರಿತೋಷಕವೂ ಸಂದಿತು. ಲೆಕ್ಕವು ಶುದ್ಧವಾಗಿದ್ದುದರಿಂದ ಕೊರತೆಯೇ ಶೋಧವಾಯಿತು.

ಕೋಲಾರದಲ್ಲಿ ಘಟನೆಗಳು ಬೆರಳೆಣಿಕೆಯವು. ಸ್ವಿಟ್ಜರ್ಲೆಂಡ್ ಫ್ರಾನ್ಸುಗಳ ಗಡಿಯಲ್ಲಿ, ನೆಲದಿಂದ ನೂರು ಮೀಟರಿನಷ್ಟು ಕೆಳಗೆ, ೨೭ ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿರುವ ಸರ್ನ್ ಸಂಸ್ಥೆಯ ಬೃಹತ್ ಸಂಘಟ್ಟಕದಲ್ಲಿಯಾದರೋ ಅವು ಪ್ರವಾಹ. ಸಿಂಧನೂರಿನಿಂದ ಮಸ್ಕಿಗೆ ಇರುವಷ್ಟು ದೂರದ ಉಂಗುರವೊಂದನ್ನು ಊಹಿಸಿಕೊಳ್ಳಬಹುದು. ಅದರಲ್ಲಿ ಪ್ರೋಟಾನುಗಳ ಎರಡು ದಂಡುಗಳು ಬೆಳಕಿನ ವೇಗಕ್ಕೆ ಅತಿ ಸಮೀಪದ ವೇಗದಲ್ಲಿ ಎದುರುಬದುರಾಗಿ ಸುತ್ತುತ್ತ, ಕ್ಷಣವೊಂದಕ್ಕೆ ನಾಲ್ಕು ಕೋಟಿ ಬಾರಿ ಸಂಧಿಸುತ್ತವೆ. ಸಂಘಟ್ಟನೆಗಳು ಕ್ಷಣಕ್ಕೆ ನೂರು ಕೋಟಿಯ ಪ್ರಮಾಣದಲ್ಲಿ ನಡೆಯುತ್ತವೆ. ೨೦೧೨ರಲ್ಲಿ ಪತ್ತೆಯಾದ ಹಿಗ್ಸ್ ಕಣವು ಅಂತಹ ನೂರಾರು ಕೋಟಿ ಸಂಘಟ್ಟನೆಗಳಲ್ಲಿ ಒಮ್ಮೆ ಹುಟ್ಟುವಂತಹದು. ಹುಟ್ಟಿದ ಮರುಗಳಿಗೆಯಲ್ಲಿ, ಗಳಿಗೆಯೆಂಬ ಮಾತೇ ಇಲ್ಲಿ ಹಾಸ್ಯಾಸ್ಪದ, ಅದು ಕ್ಷಯಿಸಿಬಿಡುತ್ತದೆ. ಹತ್ತು ಸಾವಿರ ಹಿಗ್ಸ್ ಕಣಗಳಲ್ಲಿ ಸುಮಾರು ೫,೮೦೦ ಬಾಟಮ್ ಎಂಬ ಕ್ವಾರ್ಕುಗಳ ಜೋಡಿಯಾಗಿ ಒಡೆದರೆ, ೨೩ ಮಾತ್ರ ಎರಡು ಬೆಳಕಿನ ಕಣಗಳಾಗುತ್ತವೆ. ಎರಡು ಜೆಡ್ ಕಣಗಳ ಮೂಲಕ ನಾಲ್ಕು ಎಲೆಕ್ಟ್ರಾನು ಅಥವಾ ಮ್ಯೂಆನುಗಳಾಗುವುದು ಒಂದೋ ಎರಡೋ. ಈ ಪ್ರವಾಹದಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅನುಕರಣವೇ ಮೊದಲಾಗಿ ಹೇಳಿಕೊಡಬೇಕು.

ಕೃತಕ ಘಟನೆಯನ್ನು ಕಟ್ಟುವ ಕ್ರಮವನ್ನು ತಿಳಿಯಲು ಛಂದಶ್ಶಾಸ್ತ್ರವನ್ನು ಓದಿದವರಿಗೆ ಸುಲಭವಾದ ದಾರಿಯೊಂದುಂಟು. ಗುರುಲಘುಗಳ ಸಕಲ ವಿನ್ಯಾಸಗಳನ್ನು ಒಂದೂ ಬಿಡದೆ ಕ್ರಮವಾಗಿ ಬರೆಯುವುದಕ್ಕೆ ಪ್ರಸ್ತಾರವೆಂದು ಹೆಸರು. ಪಾದಕ್ಕೆ ಮೂರು ಅಕ್ಷರಗಳಾದರೆ ಎಂಟು ವಿನ್ಯಾಸಗಳು, ಅವೇ ಅಷ್ಟಗಣಗಳು. ಪಾದಕ್ಕೆ ಇಪ್ಪತ್ತಾರು ಅಕ್ಷರಗಳುಳ್ಳ ಉತ್ಕೃತಿ ಛಂದಸ್ಸಿನಲ್ಲಾದರೆ ೬,೭೧,೦೮,೮೬೪ ವಿನ್ಯಾಸಗಳು. ಕ್ಷಣಕ್ಕೊಂದರಂತೆ ಹಗಲಿರುಳು ಬರೆದರೂ ಎರಡು ವರ್ಷಗಳಿಗೆ ಮಿಗಿಲಾಗಿ ಹಿಡಿಯುತ್ತದೆ. ಇವುಗಳಲ್ಲಿ ಸರಿಯಾಗಿ ಹದಿಮೂರು ಗುರುಗಳೂ ಹದಿಮೂರು ಲಘುಗಳೂ ಇರುವ ವಿನ್ಯಾಸಗಳೆಷ್ಟು? ಪ್ರಾಚೀನರು ಲಗಕ್ರಿಯೆಯ ಮೂಲಕ, ಮೇರುವಿನ ಕೋಷ್ಠಕದಿಂದ, ಬರೆಯದೆಯೇ ಇದಕ್ಕೆ ಉತ್ತರ ಹೇಳುತ್ತಿದ್ದರು: ೧,೦೪,೦೦,೬೦೦. ಎಂದರೆ ನೂರಕ್ಕೆ ಹದಿನೈದೂವರೆ.

ಮೇರುವಿನ ಸೂತ್ರವು ತಿಳಿಯದವನು ಏನು ಮಾಡಬಹುದು? ಒಂದು ನಾಣ್ಯವನ್ನು ಇಪ್ಪತ್ತಾರು ಬಾರಿ ಚಿಮ್ಮಿ, ರಾಜಮುಖ ಬಿದ್ದರೆ ಗುರು, ಇಲ್ಲವಾದರೆ ಲಘು ಎಂದು ಬರೆದರೆ ಒಂದು ಪಾದ ಸಿದ್ಧವಾಗುತ್ತದೆ. ಹೀಗೆ ನೂರು ಪಾದಗಳನ್ನು ಮಾಡಿ ಎಣಿಸಿದರೆ ಹದಿನೈದರ ಆಸುಪಾಸಿನಲ್ಲಿ, ನಾಲ್ಕು ಹೆಚ್ಚೋ ಕಡಿಮೆಯೋ, ಉತ್ತರ ಬರುತ್ತದೆ. ಹತ್ತು ಸಾವಿರ ಪಾದಗಳನ್ನು ಮಾಡಿದರೆ ೧,೫೫೦ರಿಂದ ಮೂವತ್ತಾರರಷ್ಟು ಆಚೀಚೆ. ಶ್ರಮವು ನೂರುಪಟ್ಟಾದರೆ ನಿಖರತೆಯು ಹತ್ತುಪಟ್ಟು ಹೆಚ್ಚುವುದೆಂಬುದು ಇಲ್ಲಿಯ ನಿಯಮ. ಸೂತ್ರವಿರುವಲ್ಲಿ ಇದು ಬರಿಯ ಆಟ. ಸೂತ್ರವೇ ಇಲ್ಲದಷ್ಟು ಜಟಿಲವಾದ ವಿಷಯಗಳಲ್ಲಿ ಮಾತ್ರ ಇದೊಂದೇ ಗತಿ. ೧೯೪೬ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಎಂಬ ಗಣಿತಜ್ಞನು ಕಾಯಿಲೆಯಿಂದ ಚೇತರಿಸಿಕೊಳ್ಳುತ್ತ ಇಸ್ಪೀಟಿನ ಒಂಟಿಯಾಟವನ್ನು ಆಡುತ್ತಿದ್ದಾಗ ಈ ಉಪಾಯ ಹೊಳೆಯಿತು. ಜಾನ್ ಫಾನ್ ನಾಯ್ಮನ್ ಅದನ್ನು ಮೊದಲ ಗಣಕಯಂತ್ರಗಳಿಗೆ ಅಳವಡಿಸುವ ದಾರಿ ತೋರಿದನು. ಜೂಜಿಗೆ ಪ್ರಸಿದ್ಧವಾದ ಊರಿನ ನೆನಪಿಗಾಗಿ ಮಾಂಟೆ ಕಾರ್ಲೋ ವಿಧಾನವೆಂದು ಅದಕ್ಕೆ ಹೆಸರಾಯಿತು.

ಕಣದ ಕ್ಷಯಕ್ಕೆ ಈ ವಿಧಾನ ಬಹಳ ಚೆನ್ನಾಗಿ ಹೊಂದುತ್ತದೆ. ಏಕೆಂದರೆ ಪ್ರಕೃತಿಯೇ ಅಲ್ಲಿ ನಾಣ್ಯ ಚಿಮ್ಮುತ್ತದೆ. ಕಣಕ್ಕೆ ಮುಪ್ಪಿಲ್ಲ. ಈಗ ತಾನೇ ಹುಟ್ಟಿದ ಮ್ಯೂಆನಿಗೂ ಬಹಳ ಹೊತ್ತು ಬದುಕಿದ ಮ್ಯೂಆನಿಗೂ ಮುಂದಿನ ಕ್ಷಣದಲ್ಲಿ ಅಳಿಯುವ ಸಂಭವ ಒಂದೇ. ಮ್ಯೂಆನಿನ ಸರಾಸರಿ ಆಯುಸ್ಸು ಸೆಕೆಂಡಿನ ಹತ್ತು ಲಕ್ಷದ ೨.೨ ಪಾಲು. ಗಣಕಯಂತ್ರವು ಸೊನ್ನೆಗೂ ಒಂದಕ್ಕೂ ನಡುವೆ ಯದೃಚ್ಛೆಯಿಂದ ಒಂದು ಸಂಖ್ಯೆಯನ್ನು ತೆಗೆದು, ಅದರ ಸ್ವಾಭಾವಿಕ ಲಘುಗಣಕವನ್ನು ಚಿಹ್ನೆ ಬದಲಿಸಿ ಸರಾಸರಿ ಆಯುಸ್ಸಿನಿಂದ ಗುಣಿಸುತ್ತದೆ. ಸಂಖ್ಯೆಯು ೦.೯ ಆದರೆ ಆ ಮ್ಯೂಆನಿನ ಆಯುಸ್ಸು ಅದೇ ಮಾನದಲ್ಲಿ ೦.೨೩, ೦.೫ ಆದರೆ ೧.೫೨, ೦.೦೧ ಆದರೆ ೧೦.೧. ಹೀಗೆ ಒಂದೊಂದು ಕಣಕ್ಕೂ ಅದರದೇ ಹಣೆಬರಹ. ಮತ್ತೊಂದು ಸಂಖ್ಯೆಯಿಂದ ಯಾವ ಬಗೆಯ ಕ್ಷಯವೆಂಬುದೂ, ಇನ್ನೆರಡರಿಂದ ಅವಶೇಷಗಳ ದಿಕ್ಕೂ ನಿಶ್ಚಿತವಾಗುತ್ತವೆ. ಶಕ್ತಿ ಮತ್ತು ಸಂವೇಗಗಳ ಒಟ್ಟು ಮಾತ್ರ ಯದೃಚ್ಛೆಗೆ ಒಳಪಡದು. ಅದು ಛಂದಸ್ಸಿನ ಮಾತ್ರಾನಿಯಮದಂತೆ ಕಟ್ಟುನಿಟ್ಟು.

ಸಂಘಟ್ಟನೆಯನ್ನೇ ಕಟ್ಟುವ ಕ್ರಮವಿಧಿಗಳಲ್ಲಿ ಸ್ವೀಡನ್ನಿನ ಲುಂಡ್ ಪಟ್ಟಣದಲ್ಲಿ ೧೯೭೦ರ ದಶಕದ ಕೊನೆಯಿಂದ ಬೆಳೆದು ಬಂದುದು ಪ್ರಸಿದ್ಧವಾಗಿದೆ. ಗ್ರೀಕರ ಡೆಲ್ಫಿಯಲ್ಲಿ ದೈವವಾಣಿ ನುಡಿಯುತ್ತಿದ್ದ ಪೂಜಾರಿಣಿಯ ನೆನಪಿನಿಂದ ಅದಕ್ಕೆ ಪಿಥಿಯಾ ಎಂದು ಹೆಸರು. ಹೊರಬಿದ್ದ ಕಣಗಳನ್ನು ಶೋಧಕದ ಒಳಗೆ ಅಂಗುಲ ಅಂಗುಲವಾಗಿ ನಡೆಯಿಸುವ ಭಾರವು ಜಿಯಾಂಟ್ ಎಂಬ ಇನ್ನೊಂದು ಕ್ರಮವಿಧಿಯದು. ೧೯೭೪ರಲ್ಲಿ ಸರ್ನ್‌ನಲ್ಲಿ ಮೊದಲಾಗಿ, ೧೯೯೮ರಲ್ಲಿ ನಾಲ್ಕನೆಯ ರೂಪವನ್ನು ತಾಳಿದ ಅದು ಪ್ರತಿಯೊಂದು ಫಲಕ, ತಂತಿ, ಮೊಳೆಗಳ ಆಕಾರವನ್ನೂ ಧಾತುವನ್ನೂ ಬಲ್ಲದು. ಕಣವು ಎಲ್ಲಿ ಎಷ್ಟು ಶಕ್ತಿ ಕಳೆದುಕೊಂಡಿತು, ಅಯಸ್ಕಾಂತದಲ್ಲಿ ಎಷ್ಟು ಬಾಗಿತು, ಎಲ್ಲಿ ಬಡಿದು ಮರಿಗಳನ್ನು ಹಾಕಿತು ಎಂಬುದೆಲ್ಲ ಮತ್ತೆ ಮತ್ತೆ ದಾಳ ಹಾಕಿ ನಿರ್ಣಯವಾಗುತ್ತದೆ. ಅರ್ಬುದರೋಗಿಯ ಶರೀರದಲ್ಲಿ ಚಿಕಿತ್ಸೆಯ ಕಿರಣಗಳು ಎಲ್ಲಿ ಎಷ್ಟು ತಂಗುವುವೆಂದು ಲೆಕ್ಕಹಾಕುವುದಕ್ಕೂ ಇದೇ ಕ್ರಮವಿಧಿಯನ್ನು ಬಳಸುತ್ತಾರೆ. ಕಡೆಯಲ್ಲಿ ವಿದ್ಯುತ್ ಸ್ಪಂದಗಳನ್ನೂ ಅನುಕರಿಸಿ, ನಿಜವಾದ ಘಟನೆಯನ್ನು ಓದುವ ಓದುವಿಕೆಯಿಂದಲೇ ಕೃತಕ ಘಟನೆಯನ್ನೂ ಓದಿಸುತ್ತಾರೆ. ಪರೀಕ್ಷಕನಿಗೆ ಎರಡು ಉತ್ತರಪತ್ರಿಕೆಗಳ ಭೇದ ತಿಳಿಯಬಾರದೆಂಬುದೇ ಇದರ ಮರ್ಮ.

ಇಲ್ಲಿ ಯದೃಚ್ಛೆಯ ಮಾತೊಂದನ್ನು ಹೇಳಲೇಬೇಕು. ಗಣಕಯಂತ್ರವು ನಿಯಮದ ಯಂತ್ರ. ಅದು ಹೊರಡಿಸುವ ಯಾದೃಚ್ಛಿಕ ಸಂಖ್ಯೆಗಳೂ ನಿಯಮದಿಂದಲೇ ಹುಟ್ಟಿದವು. ೧೯೬೦ರ ದಶಕದಲ್ಲಿ ಬಹುವಾಗಿ ಬಳಕೆಯಲ್ಲಿದ್ದ ರ‍್ಯಾಂಡು ಎಂಬ ಕ್ರಮವಿಧಿಯ ಸಂಖ್ಯೆಗಳನ್ನು ಮೂರು ಮೂರಾಗಿ ತೆಗೆದು ಬಿಂದುಗಳೆಂದು ಗುರುತಿಸಿದರೆ, ಅವು ಆಕಾಶದಲ್ಲೆಲ್ಲ ಚೆದರುವ ಬದಲು ಹದಿನೈದು ಸಮತಲಗಳ ಮೇಲೆ ಮಾತ್ರ ಸಾಲುಗಟ್ಟಿ ಕುಳಿತಿರುವುದು ಕಂಡುಬಂದಿತು. ಆಶುಕವಿಯೆಂದು ಮೆರೆಯುವವನು ಮೊದಲೇ ಬಾಯಿಪಾಠ ಮಾಡಿದ ಹದಿನೈದು ಪಾದಗಳನ್ನೇ ತಿರುಗಿ ತಿರುಗಿ ಹೊಸೆಯುವಂತೆ! ಅದನ್ನು ನಂಬಿ ಮಾಡಿದ ಲೆಕ್ಕಗಳ ಗತಿಯನ್ನು ಓದುಗರೇ ಊಹಿಸಬಹುದು.

ಸಿಮ್ಯುಲೇಷನ್ ಎಂಬುದಕ್ಕೆ ಕನ್ನಡದಲ್ಲಿ ಅಣಕ, ಸೋಗು, ಛದ್ಮ ಎಂಬ ಮಾತುಗಳು ಅಲ್ಲಲ್ಲಿ ಬಳಕೆಯಾಗಿವೆ. ಅಣಕದಲ್ಲಿ ಹಾಸ್ಯವಿದೆ, ಸೋಗಿನಲ್ಲಿ ವಂಚನೆಯ ವಾಸನೆಯಿದೆ. ಅನುಕರಣವೆಂಬುದಕ್ಕೆ ಶಾಸ್ತ್ರದ ಬೆಂಬಲವುಂಟು. ನಾ‌ಟ್ಯಶಾಸ್ತ್ರದ ರಸಸೂತ್ರವನ್ನು ವಿವರಿಸುತ್ತ ಶ್ರೀಶಂಕುಕನು, ರಸವೆಂಬುದು ಅನುಕರಣರೂಪವಾದುದೆಂದು ವಾದಿಸಿ, ಚಿತ್ರದ ಕುದುರೆಯ ದೃಷ್ಟಾಂತವನ್ನು ಕೊಟ್ಟನು. ಚಿತ್ರದ ಕುದುರೆಯನ್ನು ಕಂಡಾಗ ಉಂಟಾಗುವ ಅರಿವು ಯಥಾರ್ಥಜ್ಞಾನವೂ ಅಲ್ಲ, ಮಿಥ್ಯಾಜ್ಞಾನವೂ ಅಲ್ಲ, ಸಂಶಯವೂ ಅಲ್ಲ, ಬರಿಯ ಸಾದೃಶ್ಯವೂ ಅಲ್ಲ. ಕೃತಕ ಘಟನೆಯ ವಿಷಯದಲ್ಲಿ ಇದಕ್ಕಿಂತ ಉಚಿತವಾದ ಮಾತು ದೊರೆಯುವುದು ಕಷ್ಟ. ಆದರೆ ಅಭಿನವಗುಪ್ತನ ಗುರುವಾದ ಭಟ್ಟತೌತನು ಶಂಕುಕನಿಗೆ ಕಟುವಾದ ಆಕ್ಷೇಪವನ್ನೂ ಎತ್ತಿದ್ದಾನೆ. ಮೂಲವನ್ನು ಕಂಡಿದ್ದರಷ್ಟೇ ಅದರ ಅನುಕರಣವೆಂದು ಹೇಳಬಹುದು. ರಾಮನ ಮನೋಭಾವವನ್ನು ಕಂಡವರಾರು? ಎಂಬುದು ಆತನ ಪ್ರಶ್ನೆ.

ಇದು ಹಳೆಯ ಜಗಳವೆಂದು ತಳ್ಳಿಹಾಕುವಂತಿಲ್ಲ. ೨೦೧೨ಕ್ಕೆ ಮೊದಲು ಹಿಗ್ಸ್ ಕಣವನ್ನು ಕಂಡವರಾರು? ಕಾಣದ ಕಣವನ್ನು ಗಣಕಯಂತ್ರದಲ್ಲಿ ಲಕ್ಷಗಟ್ಟಲೆ ಹುಟ್ಟಿಸಿ ಸಾಯಿಸುವುದು ಅನುಕರಣವೇ, ಕಲ್ಪನೆಯೇ? ವಿಜ್ಞಾನಿಯು ಕೊಡುವ ಉತ್ತರವು ಭಟ್ಟತೌತನನ್ನು ಒಂದಿಷ್ಟು ಸಮಾಧಾನಪಡಿಸೀತು. ಅನುಕರಿಸುವುದು ಕಣವನ್ನಲ್ಲ, ಕಣವು ಪಾಲಿಸಬೇಕಾದ ನಿಯಮವನ್ನು. ಆ ಅನುಕರಣವು ನಂಬಿಕೆಗೆ ಅರ್ಹವೇ ಎಂಬುದನ್ನು, ಚೆನ್ನಾಗಿ ಕಂಡು ಅಳೆದ ಹಳೆಯ ಕಣಗಳ ಮೇಲೆ ಮೊದಲು ಪರೀಕ್ಷಿಸಬೇಕು. ಸಿ.ಎಂ.ಎಸ್. ಎಂಬ ಪ್ರಯೋಗದವರು ನಾಲ್ಕು ಎಲೆಕ್ಟ್ರಾನು ಮ್ಯೂಆನುಗಳ ಘಟನೆಗಳ ರಾಶಿಯನ್ನು ನಕ್ಷೆಗೆ ಏರಿಸಿದಾಗ, ೯೧ ಎಂಬ ಅಂಕದ ಬಳಿ ೧೯೮೩ರಿಂದಲೂ ಪರಿಚಿತವಾದ ಜೆಡ್ ಕಣದ ಶಿಖರವು ಅನುಕರಣದಲ್ಲಿದ್ದಂತೆಯೇ ನಿಂತಿದ್ದಿತು. ಆ ಹಳೆಯ ಸಾಕ್ಷಿಯು ನಿಂತುದರಿಂದಲೇ ೧೨೫ರ ಬಳಿ ಎದ್ದ ಕಿರಿದಾದ ಹೊಸ ಶಿಖರದ ಮಾತಿಗೆ ಬೆಲೆ ಬಂದಿತು. ಅದಕ್ಕೂ ಮಿಗಿಲಾದ ಸಂಯಮವೊಂದಿತ್ತು: ಎಲ್ಲ ಲೆಕ್ಕಗಳೂ ಹಿನ್ನೆಲೆಗಳೂ ನಿಶ್ಚಿತವಾಗುವವರೆಗೆ ಹೊಸ ಕಣವಿರಬಹುದಾದ ಎಡೆಯನ್ನು ತಾವೇ ನೋಡದಂತೆ ಮುಚ್ಚಿಟ್ಟುಕೊಂಡಿದ್ದರು. ತನಗೆ ಬೇಕಾದ ಪಾಠವನ್ನೇ ಕಲ್ಲಿನಲ್ಲಿ ಓದುವ ಚಪಲ ಪಂಡಿತರಿಗೆ ಮಾತ್ರ ಇರುವಂತಹದಲ್ಲ. ಎರಡು ಬೆಳಕಿನ ಕಣಗಳ ಘಟನೆಗಳಲ್ಲಿಯಾದರೋ ಹಿನ್ನೆಲೆಯ ಪ್ರಮಾಣಕ್ಕೆ ಅನುಕರಣವನ್ನು ನೆಚ್ಚದೆ, ಶಿಖರದ ಎಡಬಲಗಳಲ್ಲಿ ದೊರೆತ ನಿಜವಾದ ಘಟನೆಗಳಿಂದಲೇ ಅದನ್ನು ತೆಗೆದರು. ಅನುಕರಣವನ್ನು ಎಲ್ಲಿ ಬಿಡಬೇಕೆಂಬುದೂ ಅನುಕರಣವಿದ್ಯೆಯೇ.

ಹಿನ್ನೆಲೆಯನ್ನು ಮುಂದಾಗಿಯೇ ಲೆಕ್ಕಹಾಕುವುದರ ಮಹತ್ತ್ವಕ್ಕೆ ಒಂದು ಉದಾಹರಣೆಯನ್ನು ರೋಹಿಣಿ ಗೋಡಬೋಲೆ ಅವರ ಕೃತಿಯಿಂದ ಕೊಡಬಹುದು. ಪುಣೆಯಲ್ಲಿ ಜನಿಸಿ, ೧೯೯೫ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವನ್ನು ಕಾರ್ಯಕ್ಷೇತ್ರವನ್ನಾಗಿ ಮಾಡಿಕೊಂಡು, ೨೦೨೪ರಲ್ಲಿ ದಿವಂಗತರಾದ ಈ ವಿದುಷಿಯು ೧೯೯೧ರಲ್ಲಿ ಮಾನುಯೆಲ್ ಡ್ರೀಸ್ ಎಂಬವರೊಡನೆ ಒಂದು ಎಚ್ಚರಿಕೆಯನ್ನು ನೀಡಿದರು. ಎಲೆಕ್ಟ್ರಾನು ಪಾಸಿಟ್ರಾನುಗಳ ಸಂಘಟ್ಟನೆ ಬಹಳ ಶುದ್ಧವಾದುದೆಂಬ ಭಾವನೆ ಆಗ ರೂಢವಾಗಿದ್ದಿತು. ಅತ್ಯಧಿಕ ಶಕ್ತಿಯಲ್ಲಿ ಆ ದಂಡುಗಳು ಸೂಸುವ ಬೆಳಕಿನ ಕಣಗಳೇ ತಮ್ಮ ತಮ್ಮೊಳಗೆ ಬಡಿದಾಡಿ ಕಸದ ರಾಶಿಯನ್ನು ಹುಟ್ಟಿಸಬಲ್ಲವೆಂದು ಅವರ ಗಣನೆಯು ತೋರಿಸಿತು. ಕಟ್ಟುವುದಕ್ಕೆ ಮೊದಲೇ ಯಂತ್ರದ ವಿನ್ಯಾಸಕಾರರು ಅದನ್ನು ಗಮನಕ್ಕೆ ತಂದುಕೊಳ್ಳಬೇಕಾಯಿತು. ಸಿ.ಎಂ.ಎಸ್. ಶೋಧಕಕ್ಕೆ ಬೇಕಾದ ಸಿಲಿಕಾನ್ ಫಲಕಗಳಲ್ಲಿ ಕೆಲವನ್ನು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ತಯಾರಿಸಿಕೊಟ್ಟಿತೆಂಬುದನ್ನೂ ಪ್ರಸಂಗವಶಾತ್ ಸ್ಮರಿಸಬಹುದು.

ಶಾಲೆಗಳಲ್ಲಿ ಈ ವಿಷಯವನ್ನು ಬೋಧಿಸಲು ದೊಡ್ಡ ಸಲಕರಣೆಗಳು ಬೇಕಾಗಿಲ್ಲ. ಹುಣಸೆಯ ಬೀಜಗಳನ್ನು ಹೋಳುಮಾಡಿ ಇನ್ನೂರು ಹೋಳುಗಳನ್ನು ಒಂದು ಮೊರದಲ್ಲಿ ಹಾಕಿ ಕುಲುಕಿ ಚೆಲ್ಲಿಸಬೇಕು. ಬಿಳಿಯ ಮೈ ಮೇಲಾದವು ಕ್ಷಯಿಸಿದುವೆಂದು ಎತ್ತಿಟ್ಟು, ಉಳಿದವನ್ನು ಎಣಿಸಿ ಬರೆದು, ಮತ್ತೆ ಚೆಲ್ಲಬೇಕು. ಹೋಳುಗಳ ಎರಡು ಮೈಗಳು ಸಮಸಂಭವದವು ಆಗದಿದ್ದರೂ ಚಿಂತೆಯಿಲ್ಲ. ಪ್ರತಿ ಸಾರಿಯೂ ಉಳಿದವುಗಳಲ್ಲಿ ಹೆಚ್ಚುಕಡಿಮೆ ಒಂದೇ ಪಾಲು ಹೊರಬೀಳುವುದನ್ನು ಮಕ್ಕಳು ತಾವೇ ಕಾಣುವರು. ಯಾವ ಹೋಳು ಯಾವಾಗ ಬೀಳುವುದೆಂದು ಹೇಳಲಾರದವರು ಎಷ್ಟು ಬೀಳುವುವೆಂದು ಹೇಳಬಲ್ಲವರಾಗುವರು. ಬಳಿಕ ಗುರುಗಳು ಮಕ್ಕಳಿಗೆ ಕಾಣದಂತೆ ಎರಡೂ ಮೈ ಬಿಳಿಯಾಗಿ ಬಳಿದ ಹತ್ತು ಹೋಳುಗಳನ್ನು ಬೆರಸಿಡಬೇಕು. ಅವು ಮೊದಲ ಚೆಲ್ಲುವಿಕೆಯಲ್ಲಿಯೇ ಹೊರಬೀಳುತ್ತವೆ. ಲೆಕ್ಕವು ಸ್ವಲ್ಪ ಮಿಗುತ್ತದೆ. ಆ ಮಿಗುವಿಕೆಯು ಹೊಸ ಜಾತಿಯ ಬೀಜದ್ದೋ, ಯದೃಚ್ಛೆಯ ಏರಿಳಿತವೋ ಎಂಬುದನ್ನು ಹೇಳಲು, ಬೆರಕೆಯಿಲ್ಲದ ಬೀಜಗಳನ್ನು ಎಷ್ಟು ಬಾರಿ ಚೆಲ್ಲಿ ನೋಡಬೇಕೆಂಬ ಪ್ರಶ್ನೆಯನ್ನು ತರಗತಿಗೆ ಬಿಡಬೇಕು. ಹತ್ತನೆಯ ತರಗತಿಯ ಹುಡುಗನು ಅಲ್ಲಿಗೆ ಕೋಲಾರದ ಪ್ರಶ್ನೆಯನ್ನು ಮುಟ್ಟಿದಂತಾಯಿತು.

ಗಣಕಯಂತ್ರದ ಕೊಠಡಿಯನ್ನು ದಾನಿಗಳು ಒದಗಿಸಿಕೊಟ್ಟಿರುವ ಶಾಲೆಗಳಲ್ಲಿ ಇನ್ನೂ ಮುಂದೆ ಹೋಗಬಹುದು. ಸಿ.ಎಂ.ಎಸ್. ಪ್ರಯೋಗದವರು ೨೦೧೪ರಿಂದ ತಮ್ಮ ದತ್ತಾಂಶಗಳನ್ನು ಕಂತುಕಂತಾಗಿ ಸರ್ವರಿಗೂ ಉಚಿತವಾಗಿ ತೆರೆದಿಟ್ಟಿದ್ದಾರೆ. ನಿಜವಾದ ಸಂಘಟ್ಟನೆಗಳ ಜೊತೆಯಲ್ಲಿಯೇ ಅವುಗಳ ಅನುಕರಣಗಳೂ ಅಲ್ಲಿವೆ. ನಾಲ್ಕು ಎಲೆಕ್ಟ್ರಾನು ಮ್ಯೂಆನುಗಳ ಆ ಪ್ರಸಿದ್ಧ ಘಟನೆಗಳೂ ಸೇರಿವೆ. ಸಿಂಧನೂರಿನಲ್ಲಾಗಲಿ, ಲಿಂಗಸುಗೂರಿನಲ್ಲಾಗಲಿ, ಮಸ್ಕಿಯಲ್ಲಾಗಲಿ ಒಬ್ಬ ವಿದ್ಯಾರ್ಥಿಯು ಅವನ್ನು ಇಳಿಸಿಕೊಂಡು ನಕ್ಷೆ ಬರೆಯಬಹುದು. ಮೊದಲು ಅನುಕರಣದ ಹಿನ್ನೆಲೆಯನ್ನು ಮಾತ್ರ ಬರೆದು, ೯೧ರ ಶಿಖರ ಎಲ್ಲಿ ಎಷ್ಟೆತ್ತರ ನಿಲ್ಲುವುದೆಂದು ಗುರುತುಹಾಕಿಕೊಂಡು, ಅನಂತರವೇ ನಿಜವಾದ ಘಟನೆಗಳ ಬಿಂದುಗಳನ್ನು ಅದರ ಮೇಲೆ ಇಡತಕ್ಕದ್ದು.